ಮೂರು ದಿನದ ಕೊರತೆ

ನನ್ನ ಕೆಲಸ ಏನೆಂದರೆ ಅಂಗಡಿಯವರ ತಕ್ಕಡಿಗಳನ್ನು ನಂಬದೇ ಇರುವುದು. ಸರ್ಕಾರ ನನಗೆ ಸಂಬಳ ಕೊಡುವುದೇ ಇದಕ್ಕೆ. ಅಳತೆ ಮತ್ತು ತೂಕದ ಕಚೇರಿಯಲ್ಲಿ ನಾನು ಪರೀಕ್ಷಕಿ. ಬೆಳಗಾದರೆ ಹಿತ್ತಾಳೆಯ ತೂಕದ ಬಟ್ಟುಗಳ ಪೆಟ್ಟಿಗೆ ಹಿಡಿದು ಬೀದಿಗೆ ಇಳಿಯುತ್ತೇನೆ. ಬೇಕರಿ, ತರಕಾರಿ ಅಂಗಡಿ, ಚಿನ್ನದಂಗಡಿ, ಹಳೇ ಪೇಪರ್ ಅಂಗಡಿ, ಯಾವುದನ್ನೂ ಬಿಡುವುದಿಲ್ಲ. ಒಂದು ಕಿಲೋ ಬಟ್ಟು ಇಟ್ಟಾಗ ತಕ್ಕಡಿ ಒಂದು ಕಿಲೋ ಎಂದರೆ ಹಸಿರು ಚೀಟಿ. ಇಲ್ಲದಿದ್ದರೆ ಕೆಂಪು ಚೀಟಿ, ಅದರ ಮೇಲೆ ನನ್ನ ಕೈಬರಹದಲ್ಲಿ "ಕೊರತೆ ಇಷ್ಟು". ಹದಿನಾಲ್ಕು ಬೀದಿಗಳಲ್ಲಿ ನನ್ನ ಹೆಸರು ಒಬ್ಬರಿಗೂ ಗೊತ್ತಿಲ್ಲ. ಕೊರತೆ ಮೇಡಂ ಎಂದು ಕೇಳಿ ನೋಡಿ, ಸಣ್ಣ ಮಕ್ಕಳೂ ಮನೆ ತೋರಿಸುತ್ತವೆ.

ಕೆಲಸಕ್ಕೆ ಸೇರಿದ ಮೊದಲ ವಾರ ಬೇಕರಿಯವನ ಮೇಲೆ ಹತ್ತು ನಿಮಿಷ ಹಾರಾಡಿದ್ದೆ. ಅವನ ತಕ್ಕಡಿ ಸೊನ್ನೆಗೇ ಬರುತ್ತಿರಲಿಲ್ಲ. ಖಾಲಿ ಇದ್ದಾಗಲೂ ಅರವತ್ತು ಗ್ರಾಂ ತೋರಿಸುತ್ತಿತ್ತು. "ಜನರಿಗೆ ಗಾಳಿ ತೂಗಿ ಮಾರ್ತೀರಾ?" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿ, ಕೆಂಪು ಚೀಟಿಯನ್ನೂ ಹರಿದುಕೊಟ್ಟೆ. ಜೊತೆಗೆ ಬಂದಿದ್ದ ನಮ್ಮ ಸಾಹೇಬರು ತಟ್ಟೆಯ ಅಂಚಿನಲ್ಲಿದ್ದ ಒಂದು ವಸ್ತುವನ್ನು ಎತ್ತಿ ನನ್ನ ಕೈಗಿಟ್ಟರು. ನನ್ನದೇ ಕನ್ನಡಕದ ಡಬ್ಬಿ.

"ತಕ್ಕಡಿ ಸೊನ್ನೆಗೆ ಬರ್ದಿದ್ರೆ, ಬೈಯೋಕೆ ಮುಂಚೆ ತಟ್ಟೆ ಮೇಲೆ ಏನಾದ್ರೂ ಕೂತಿದೆಯಾ ನೋಡಮ್ಮಾ" ಎಂದರು ಸಾಹೇಬರು.

ಬೇಕರಿಯವನು ಇವತ್ತಿಗೂ ನನ್ನ ಕಂಡ ಕೂಡಲೇ, "ಮೇಡಂ, ಡಬ್ಬಿ ಚೀಲದಲ್ಲಿದೆಯಾ?" ಎಂದು ಕೇಳುತ್ತಾನೆ. ಅದಕ್ಕಿಂತ ದೊಡ್ಡ ಕಾಟ ನನ್ನ ಗಂಡನದು. ಈ ಮಾತು ಅವರ ಬಾಯಿಗೆ ಸಿಕ್ಕಿದ್ದೇ ತಡ, ಮನೆಯಲ್ಲಿ ಅದೇ ಮಂತ್ರವಾಯಿತು. ಬೀರುವಿನ ಬಾಗಿಲು ಮುಚ್ಚುತ್ತಿಲ್ಲ ಎಂದರೆ, "ತಟ್ಟೆ ಮೇಲೆ ಏನಾದ್ರೂ ಇದೆಯಾ ನೋಡು." ನನಗೆ ತಲೆನೋವು ಎಂದರೂ ಅದೇ. ಲಿಫ್ಟ್ ರಿಪೇರಿ ಮಾಡುವವರಿಗೆ ಇಷ್ಟು ನಗೆ ಎಲ್ಲಿಂದ ಬರುತ್ತದೋ ಗೊತ್ತಿಲ್ಲ. ಊರಿನ ಲಿಫ್ಟುಗಳನ್ನೆಲ್ಲ ಸರಿಮಾಡುವ ಈ ಪುಣ್ಯಾತ್ಮರ ಮನೆಗೆ ಹತ್ತಲು ಮಾತ್ರ ಐವತ್ತೆರಡು ಮೆಟ್ಟಿಲು. ಕೆಳಗೆ ಅತ್ತೆಯ ಗುಂಡಿ ಅಂಗಡಿ, ಮಧ್ಯದಲ್ಲಿ ಭಾವ, ಓರಗಿತ್ತಿ, ಅವರ ಮೂರು ಮಕ್ಕಳು. ಮೇಲುಗಡೆ ನಾವಿಬ್ಬರು. ಒಂದೂವರೆ ವರ್ಷದಿಂದ ಮೂವರಾಗಲು ಒದ್ದಾಡುತ್ತಿದ್ದ ಇಬ್ಬರು.

ಇದನ್ನು ಸುಮ್ಮನೆ ಹೇಳಿಬಿಡುತ್ತೇನೆ: ನನಗೆ ಮಗು ಬೇಕಿತ್ತು. ಎಷ್ಟು ಬೇಕಿತ್ತೆಂದರೆ, ಆರು ತಿಂಗಳಿಗೊಮ್ಮೆ ಮಕ್ಕಳ ಆಸ್ಪತ್ರೆಯ ಪುಟಾಣಿ ತಕ್ಕಡಿಗಳನ್ನು ಪರೀಕ್ಷೆ ಮಾಡಲು ಹೋದಾಗ ನಾನು ಒಂದು ಗುಟ್ಟಿನ ಕೆಲಸ ಮಾಡುತ್ತಿದ್ದೆ. ಎರಡು ಕಿಲೋದ ಬಟ್ಟು ಒಂದು, ಒಂದು ಕಿಲೋದ್ದು ಒಂದು, ಎರಡನ್ನೂ ಶಾಲಿನಲ್ಲಿ ಸುತ್ತಿ, ಬಾಗಿಲು ಹಾಕಿಕೊಂಡು, ತೊಡೆಯ ಮೇಲೆ ಇಟ್ಟುಕೊಂಡು ಕೂರುತ್ತಿದ್ದೆ. ಮೂರು ಕಿಲೋ, ಆಗಷ್ಟೇ ಹುಟ್ಟಿದ ಮಗುವಿನಷ್ಟು. ಸ್ವಲ್ಪ ತೂಗುತ್ತಲೂ ಇದ್ದೆ. ಯಾರಾದರೂ ಬಾಗಿಲು ತಟ್ಟಿದರೆ "ಪರೀಕ್ಷೆ ನಡೀತಿದೆ!" ಎಂದು ಗದರುತ್ತಿದ್ದೆ.

ಇನ್ನು ಓರಗಿತ್ತಿ ನನ್ನ ತಲೆಗೆ ಹುಳ ಬಿಟ್ಟ ಕಥೆ. ಒಂದು ಭಾನುವಾರ ಮಧ್ಯಾಹ್ನ ಇಬ್ಬರೂ ಅವಳ ಅಡುಗೆಮನೆಯ ಮೇಜಿನ ಮೇಲೆ ಒಣಗಿದ ಬಟ್ಟೆ ಮಡಚುತ್ತಿದ್ದೆವು. ಅವಳ ಸಣ್ಣವಳು ಸೊಂಟದ ಮೇಲಿದ್ದಳು, ನಡುವಿನವನು ಮೇಜಿನ ಕೆಳಗೆ, ದೊಡ್ಡವನು ಸ್ನಾನದ ಮನೆಯಲ್ಲಿ ಸೋಪಿನ ಮೇಲೆ ಯುದ್ಧ ಸಾರಿದ್ದ.

"ಪ್ಯಾಡ್ ಇದ್ರೆ ಕೊಡೇ, ನಂದು ಖಾಲಿ" ಎಂದಳು.

ಮೇಲೆ ಹೋಗಿ ಪೂರ್ತಿ ಪ್ಯಾಕೆಟ್ಟನ್ನೇ ತಂದುಕೊಟ್ಟೆ. "ಇಟ್ಕೋ ಅಕ್ಕಾ. ನಂಗೆ ಇದು ಮೂರು ತಿಂಗಳು ಬರುತ್ತೆ."

ಅವಳ ಕೈಯಲ್ಲಿದ್ದ ಚಡ್ಡಿ ಅರ್ಧ ಮಡಚಿದ ಹಾಗೇ ನಿಂತಿತು. "ಮೂರು ತಿಂಗಳಾ? ನಂಗೆ ಮೂರು ದಿನಕ್ಕೆ ಸಾಲಲ್ಲ ಕಣೇ! ಎಷ್ಟು ದಿನ ಆಗ್ತೀಯ ನೀನು?"

"ಎರಡು. ಎರಡನೇ ದಿನ ಮಧ್ಯಾಹ್ನಕ್ಕೆ ಮುಗೀತು."

"ಜಾಸ್ತಿ ಹೋಗುತ್ತಾ?"

"ಇಲ್ಲಪ್ಪ. ಸ್ವಲ್ಪ ಸ್ವಲ್ಪ."

"ಅಯ್ಯೋ, ನಂದು ಐದು ದಿನ. ಒಮ್ಮೊಮ್ಮೆ ಆರು. ಅದಕ್ಕೇ ನೋಡು" ಎಂದು ಸೊಂಟದ ಮೇಲೊಂದು, ಮೇಜಿನ ಕೆಳಗೊಂದು, ಸ್ನಾನದ ಮನೆಯಲ್ಲೊಂದು ಎಂದು ಮೂರನ್ನೂ ಗಲ್ಲದಿಂದಲೇ ತೋರಿಸಿದಳು. ಆಮೇಲೆ ದನಿ ತಗ್ಗಿಸಿ, ಪಾಪ, ಒಳ್ಳೇ ಮನಸ್ಸಿನಿಂದಲೇ ಹೇಳಿದಳು: "ಹಾಸಿಗೆ ತೆಳ್ಳಗಿದ್ರೆ ಮಗು ಎಲ್ಲಿ ಮಲಗ್ಬೇಕು ಹೇಳು?"

ನನ್ನ ಎದೆ ಧಸಕ್ಕೆಂದಿತು. ಒಂದೂವರೆ ವರ್ಷದಿಂದ ಕಾರಣ ಹುಡುಕುತ್ತಿದ್ದವಳಿಗೆ ಕಾರಣ ಮೇಜಿನ ಮೇಲೆ, ಮಡಚಿದ ಚಡ್ಡಿಯ ಪಕ್ಕದಲ್ಲೇ ಸಿಕ್ಕಿತ್ತು. ಊರಿಗೆಲ್ಲ ಕೆಂಪು ಚೀಟಿ ಹಂಚುತ್ತಾ ತಿರುಗುವ ನಾನೇ ಹದಿಮೂರನೇ ವಯಸ್ಸಿನಿಂದ ತಿಂಗಳು ತಿಂಗಳೂ ತೂಕದಲ್ಲಿ ಮೋಸ ಮಾಡುತ್ತಿದ್ದೇನೆ! ಅವತ್ತು ಸಂಜೆಯೇ ಕಚೇರಿಯ ಪರೀಕ್ಷಾ ಹಾಳೆಯೊಂದನ್ನು ತೆಗೆದು, ಗೆರೆ ಎಳೆದು, ನೆನಪಿದ್ದ ಹದಿನೆಂಟು ತಿಂಗಳನ್ನೂ ತುಂಬಿಸಿದೆ. ನಿಗದಿತ: ಐದು ದಿನ. ಕಂಡದ್ದು: ಎರಡು ದಿನ. ಕೊರತೆ: ಮೂರು ದಿನ. ಹದಿನೆಂಟು ಸಾಲುಗಳಲ್ಲೂ ಅದೇ. ಹಾಳೆಯನ್ನು ಬೀರುವಿನ ಬಾಗಿಲಿನ ಒಳಗಡೆ ಅಂಟಿಸಿದೆ.

ಮರುದಿನ ಅಂಗಿ ತೆಗೆಯಲು ಬಾಗಿಲು ತೆರೆದ ಗಂಡ ಹಾಳೆಯನ್ನು ಮೇಲಿಂದ ಕೆಳಗೆ ಓದಿದರು.

"ಇದ್ಯಾವ ಅಂಗಡಿದು?"

"ನಂದು."

ಮತ್ತೊಮ್ಮೆ ಓದಿದರು. ಅರ್ಥವಾಯಿತು. ನಗು ತಡೆದುಕೊಳ್ಳಲು ಅಂಗಿಯನ್ನೇ ಬಾಯಿಗೆ ಒತ್ತಿಕೊಂಡರು. "ಐದು ದಿನ ಅಂತ ಯಾರು ನಿಗದಿ ಮಾಡಿದ್ರು?"

"ಅಕ್ಕನಿಗೆ ಐದು."

"ಅತ್ತಿಗೆ ಏನು ಎಲ್ಲಾ ತೂಕಕ್ಕೂ ಮೂಲಬಟ್ಟಾ? ಕಚೇರಿ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದೀರಾ ಅವರನ್ನ?"

"ಮೂರು ಮಕ್ಕಳಿದಾವೆ ರೀ ಅವಳಿಗೆ!"

"ನಮ್ಮ ಕಂಪನಿ ಮೇಸ್ತ್ರಿಗೂ ಮೂರು ಮಕ್ಕಳು. ಅವನಿಗೆ ಒಂದು ದಿನಾನೂ ಆಗಲ್ಲ."

ನಾನು ನಗಲಿಲ್ಲ. ಅಂದರೆ, ಅವರು ಮೆಟ್ಟಿಲಿಳಿದು ಹೋದ ಮೇಲೆ ನಕ್ಕೆ. ಆದರೆ ಹಾಳೆ ಬಾಗಿಲಿನ ಮೇಲೆ ಹಾಗೇ ಇತ್ತು, ಎದೆಯೊಳಗಿನ ಧಸಕ್ಕೂ ಹಾಗೇ ಇತ್ತು.

ಅತ್ತೆಯ ಅಂಗಡಿಯಲ್ಲಿ ಗುಂಡಿ, ದಾರ, ಜಿಪ್ಪು, ಲೇಸುಗಳ ಜೊತೆಗೆ ಸಲಹೆಯೂ ಸಿಗುತ್ತದೆ. ಓರಗಿತ್ತಿಯ ಬಾಯಿಂದ ವಿಷಯ ಅತ್ತೆಯ ಕಿವಿಗೆ ಬಿತ್ತು. ಅತ್ತೆ ನನ್ನ ಮಾನ ಕಾಪಾಡುವುದಕ್ಕಾಗಿ ಬಂದ ಗಿರಾಕಿಗಳಿಗೆಲ್ಲ "ನಂಗೆ ಗೊತ್ತಿರೋ ಒಬ್ಬ ಹುಡುಗಿಗೆ" ಎಂದು ಶುರುಮಾಡಿದರು. ಆ ಗಿರಾಕಿಗಳು ಹೊರಗೆ ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿಮ್ಮತ್ತೆಗೆ ಗೊತ್ತಿರೋ ಹುಡುಗಿಗೆ ಖರ್ಜೂರ ತಿನ್ನೋಕೆ ಹೇಳಮ್ಮ" ಎನ್ನುತ್ತಿದ್ದರು. ಖರ್ಜೂರ ಒಬ್ಬರದ್ದು, ಎಳ್ಳು ಒಬ್ಬರದ್ದು, ದಾಳಿಂಬೆ ಇನ್ನೊಬ್ಬರದ್ದು. ಎಲ್ಲರೂ ಒಪ್ಪಿದ್ದು ಬೀಟ್ರೂಟ್. ಕೆಂಪಗಿದೆ, ಆದ್ದರಿಂದ ಕೆಂಪು ಕೊಡುತ್ತದೆ. ಈ ತರ್ಕಕ್ಕೆ ಎದುರಾಡುವ ಶಕ್ತಿ ಆಗ ನನಗಿರಲಿಲ್ಲ.

ಬೆಳಿಗ್ಗೆ ಬೀಟ್ರೂಟ್ ರಸ, ಮಧ್ಯಾಹ್ನ ಡಬ್ಬಿಯಲ್ಲಿ ಬೇಯಿಸಿದ ಬೀಟ್ರೂಟ್, ಸಂಜೆ ಬೀಟ್ರೂಟ್ ಸೂಪು. ನನ್ನ ಬೆರಳು ನೋಡಿ ಸಾಹೇಬರು "ಯಾರನ್ನಾದ್ರೂ ಕೊಂದ್ಬಿಟ್ಟು ಬಂದ್ಯಾ ಅಮ್ಮಾ?" ಎಂದು ಕೇಳಿದರು. ತರಕಾರಿಯವಳು ಮೂಟೆಯಿಂದ ನನಗೆಂದೇ ಬೇರೆ ತೆಗೆದಿಡತೊಡಗಿದಳು. ಅವಳ ತಕ್ಕಡಿ ಆ ತಿಂಗಳು ಒಂದು ಗ್ರಾಮೂ ತಪ್ಪಲಿಲ್ಲ.

ಮುಟ್ಟು ಬಂತು, ಇಪ್ಪತ್ತೊಂಬತ್ತನೇ ದಿನ, ಎಂದಿನಂತೆ. ಮೊದಲ ದಿನ ಸ್ವಲ್ಪ. ಎರಡನೇ ದಿನ ಇನ್ನೂ ಸ್ವಲ್ಪ. ಮೂರನೇ ದಿನ ಬೆಳಿಗ್ಗೆ ಟಾಯ್ಲೆಟ್ಟಿಗೆ ಹೋದವಳು ಕೆಳಗೆ ಬಗ್ಗಿ ನೋಡಿದರೆ, ಕೆಂಪೋ ಕೆಂಪು!

"ರೀ! ಮೂರನೇ ದಿನ! ಮೂರನೇ ದಿನ ರೀ!"

ಗಂಡ ಅರ್ಧ ಮುಖಕ್ಕೆ ಗಡ್ಡದ ನೊರೆ ಬಳಿದುಕೊಂಡೇ ಓಡಿಬಂದರು. ಇಬ್ಬರೂ ಕೈಕೈ ಹಿಡಿದು ಕುಣಿದೆವು, ನನ್ನ ಕೆನ್ನೆಗೂ ನೊರೆ ಅಂಟಿತು. ಸದ್ದು ಕೇಳಿ ಓರಗಿತ್ತಿ ಮಗುವನ್ನು ಎತ್ತಿಕೊಂಡು ಬಂದಳು. ಅತ್ತೆ ಐವತ್ತೆರಡು ಮೆಟ್ಟಿಲನ್ನು ಏದುಸಿರು ಬಿಡುತ್ತಾ ಹತ್ತಿ ಬಂದು "ಏನಾಯ್ತು, ಯಾರು ಬಿದ್ರು?" ಎಂದರು. ನಾನು ಗೆದ್ದವಳ ಹಾಗೆ ಸುದ್ದಿ ಹೇಳಿದೆ. ಅತ್ತೆ ಚಪ್ಪಾಳೆ ತಟ್ಟಿಯೇಬಿಟ್ಟರು.

ಓರಗಿತ್ತಿ ಮಾತ್ರ ಹುಬ್ಬು ಗಂಟುಹಾಕಿದಳು. "ಪ್ಯಾಡಲ್ಲಿ ಏನಾದ್ರೂ ಇದೆಯಾ?"

ನಾನು ಹೋಗಿ ನೋಡಿ ಬಂದೆ. "ಇಲ್ಲ."

"ನಿನ್ನೆ ಎಷ್ಟು ಬೀಟ್ರೂಟ್ ತಿಂದೆ?"

"ನಾಲ್ಕು."

"ನನ್ನ ದೊಡ್ಡವನೂ ಹೋದ ವರ್ಷ ಬೀಟ್ರೂಟ್ ತಿಂದ ಮಾರನೇ ದಿನ, ಅಮ್ಮಾ ನಾನು ಸಾಯ್ತೀನಿ ಅಂತ ಹೀಗೇ ಕಿರುಚಿದ್ದ ಕಣೇ" ಎಂದಳು.

ಅತ್ತೆಯ ಮೂಗಿನಿಂದ ಒಂದು ಸದ್ದು ಹೊರಟಿತು. ಅಷ್ಟೇ, ಐವರೂ, ಸೊಂಟದ ಮೇಲಿನ ಮಗುವೂ ಸೇರಿ, ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ನಾನು ಗೋಡೆಗೆ ಒರಗಿ, ಕುಸಿದು, ನೆಲದ ಮೇಲೆ ಕೂತು ನಕ್ಕೆ. ನಗುತ್ತಾ ನಗುತ್ತಾ ಎಲ್ಲಿ ಅಳುವಾಯಿತೋ ನನಗೇ ತಿಳಿಯಲಿಲ್ಲ. ಅತ್ತೆ, ಓರಗಿತ್ತಿ ಸದ್ದಿಲ್ಲದೆ ಕೆಳಗಿಳಿದರು. ಗಂಡ ಪಕ್ಕದಲ್ಲಿ ಕೂತು, ಒಣಗುತ್ತಿದ್ದ ನೊರೆಯ ಮುಖವನ್ನು ನನ್ನ ತಲೆಗೆ ತಾಗಿಸಿ, ಬಹಳ ಹೊತ್ತು ಏನೂ ತಮಾಷೆ ಮಾಡಲಿಲ್ಲ.

"ನನ್ನಿಂದಾನೇ ರೀ ಆಗ್ತಿಲ್ಲ" ಎಂದೆ.

"ಯಾರ ಹತ್ರಾನಾದ್ರೂ ತೋರಿಸೋಣ" ಎಂದರು.

"ಬೇಡ. ಹೌದು ಅಂದ್ಬಿಟ್ರೆ?"

ಅವರು ಮತ್ತೆ ಒತ್ತಾಯ ಮಾಡಲಿಲ್ಲ.

ಮುಂದಿನ ತಿಂಗಳು ಬೀಟ್ರೂಟ್ ಮುಟ್ಟಲಿಲ್ಲ. ಇಪ್ಪತ್ತೇಳನೇ ದಿನ, ಇನ್ನೂ ಎರಡು ದಿನ ಇರುವಾಗಲೇ, ಕಂದು ಬಣ್ಣದ ಎರಡು ಚುಕ್ಕೆ ಕಂಡವು. ಬಂತಲ್ಲ ಎಂದುಕೊಂಡೆ. ಮಧ್ಯಾಹ್ನದ ಹೊತ್ತಿಗೆ ಅದೂ ನಿಂತಿತು. ಮಾರನೇ ದಿನ ಕಾದೆ, ಅದರ ಮಾರನೇ ದಿನವೂ ಕಾದೆ. ಏನೂ ಇಲ್ಲ. ಎರಡು ದಿನ ಇದ್ದದ್ದು ಅರ್ಧ ದಿನಕ್ಕೆ ಇಳಿದಿತ್ತು. ನಾನು ಚೀಲದಿಂದ ಕೆಂಪು ಚೀಟಿಯ ಪುಸ್ತಕ ತೆಗೆದು, "ಕೊರತೆ: ನಾಲ್ಕೂವರೆ ದಿನ" ಎಂದು ಬರೆದು, ಕೆಳಗೆ ಸಹಿ ಹಾಕಿ, ನನ್ನ ನೈಟಿಯ ಗುಂಡಿಗೆ ಕಟ್ಟಿಕೊಂಡೆ. ಗಂಡ ಅದನ್ನು ಬಿಚ್ಚಿ, ಮಡಚಿ, ತಮ್ಮ ಜೇಬಿನಲ್ಲಿ ಇಟ್ಟುಕೊಂಡರು. "ಇದು ನನ್ನ ಹತ್ರ ಇರ್ಲಿ" ಎಂದರು.

ಆ ವಾರ ನನ್ನ ಬೀದಿಗಳಿಗೆ ಶನಿ ಹೆಗಲೇರಿತ್ತು ಎನ್ನಬೇಕು. ಐದು ದಿನದಲ್ಲಿ ಹನ್ನೊಂದು ಕೆಂಪು ಚೀಟಿ. ಬೇಕರಿಯವನ ತಕ್ಕಡಿ ಎರಡು ಗ್ರಾಂ ತಪ್ಪಿತ್ತು. "ಮೇಡಂ, ಎರಡು ಗ್ರಾಂ ನಿಮ್ಮ ನಿಯಮದಲ್ಲೇ ಬಿಡಬಹುದಲ್ವಾ? ಹೋದ ಸಲ ನೀವೇ ಹೇಳಿದ್ರಿ" ಎಂದು ಗೋಗರೆದ. ಅವನು ಹೇಳಿದ್ದು ನಿಜ. ಯಾವ ತಕ್ಕಡಿಯೂ ಕೂದಲೆಳೆಯಷ್ಟೂ ತಪ್ಪದೆ ಇರುವುದಿಲ್ಲ, ಅದಕ್ಕೇ ಇಷ್ಟು ಹೆಚ್ಚುಕಮ್ಮಿ ಇದ್ದರೆ ಪರವಾಗಿಲ್ಲ ಎಂದು ನಿಯಮವೇ ಇದೆ. ನಿಯಮ ಬಿಟ್ಟು ಬೇರೆ ದಾರಿ ಹಿಡಿದೆ. "ಅದಿರ್ಲಿ, ನಿಮ್ಮ ಬೆಣ್ಣೆ ಹಳಸಿದೆ. ಬೀದಿ ತುದಿಗೆ ನಾರ್ತಿದೆ!" ಎಂದೆ. ಅವನು ಬೆಪ್ಪಾಗಿ, "ಇವತ್ತು ಬೆಳಿಗ್ಗೆ ಒಡೆದ ಡಬ್ಬ ಮೇಡಂ" ಎಂದ. ನಾನು ಮೂಗು ಮುಚ್ಚಿಕೊಂಡು ಹೊರಬಿದ್ದೆ.

ಅರ್ಧ ದಿನದ ಸುದ್ದಿ ಅತ್ತೆಗೂ ತಲುಪಿತು. ಅವರ ಅಂಗಡಿಯಲ್ಲಿ ಬಿಳಿ ಕೋಟಿಗೆ ಗುಂಡಿ ಕೊಳ್ಳುವ ಒಬ್ಬ ಡಾಕ್ಟರಮ್ಮ ಇದ್ದರು. ಅತ್ತೆ ನನ್ನನ್ನು ಕೇಳದೆಯೇ ಸಮಯ ಗೊತ್ತುಮಾಡಿ, "ನಾಳೆ ಮೂರು ಗಂಟೆಗೆ. ನನಗೆ ಗೊತ್ತಿರೋ ಹುಡುಗಿ ಬರ್ತಾಳೆ ಅಂದಿದೀನಿ. ನೀನು ಹೋಗ್ದಿದ್ರೆ ನಾನೇ ಹೋಗಿ ಹೊಟ್ಟೆ ತೋರಿಸ್ಕೊಂಡು ಬರ್ತೀನಿ" ಎಂದರು. ಅರವತ್ತೆಂಟರ ಅತ್ತೆಯನ್ನು ಆ ಸ್ಥಿತಿಗೆ ತಳ್ಳುವುದು ಸರಿಯಲ್ಲವೆಂದು ಒಪ್ಪಿದೆ. ಕೆಲಸದಿಂದ ನೇರ ಹೋದದ್ದರಿಂದ ಬಟ್ಟುಗಳ ಪೆಟ್ಟಿಗೆಯೂ ಜೊತೆಗಿತ್ತು. ನಾನು ತಪ್ಪಿಸಿಕೊಳ್ಳಬಾರದೆಂದು ಅತ್ತೆ ನನಗಿಂತ ಮೊದಲೇ ಬಂದು ಬಾಗಿಲಲ್ಲಿ ಕಾದಿದ್ದರು.

ಹೊರಗಿನ ಕೋಣೆಯಲ್ಲಿ ಒಂದು ತೂಕದ ಯಂತ್ರ ಇತ್ತು. ನರ್ಸು "ಹತ್ತಿ" ಎಂದಳು. ನಾನು ಹತ್ತುವ ಮುಂಚೆ ಬಗ್ಗಿ ನೋಡಿದೆ. ಖಾಲಿ ಯಂತ್ರ ಆರುನೂರು ಗ್ರಾಂ ತೋರಿಸುತ್ತಿತ್ತು.

"ಇದು ಸೊನ್ನೆಗೆ ಬಂದಿಲ್ಲ."

"ಅದು ಯಾವಾಗ್ಲೂ ಹಂಗೇ ಮೇಡಂ, ಹತ್ತಿ."

ಹಂಗೇ ಅಂತೆ! ನನ್ನ ಕೈ ತಾನಾಗಿಯೇ ಯಂತ್ರದ ಮೇಲಿದ್ದ ದಪ್ಪ ರಬ್ಬರಿನ ಹಾಸನ್ನು ಎತ್ತಿತು. ಅಂಕಿ ಸೊನ್ನೆಗೆ ಬಂತು. ಹಾಸು ಇಟ್ಟೆ, ಆರುನೂರು. ಎತ್ತಿದೆ, ಸೊನ್ನೆ. ಕಾಲು ಜಾರಬಾರದೆಂದು ಎರಡು ವರ್ಷದ ಹಿಂದೆ ತಾನೇ ಹಾಸಿದ್ದೆಂದು ನರ್ಸು ಒಪ್ಪಿಕೊಂಡಳು. ಕಾದು ಕೂತಿದ್ದ ಹೆಂಗಸರಲ್ಲಿ ಗುಲ್ಲೆದ್ದಿತು. ಒಬ್ಬಳು "ಹಂಗಾದ್ರೆ ನಾನು ದಪ್ಪ ಆಗಿಲ್ಲ!" ಎಂದು ಎದ್ದೇ ನಿಂತಳು. ಗಲಾಟೆ ಕೇಳಿ ಡಾಕ್ಟರಮ್ಮ ಹೊರಗೆ ಬಂದು, ವಿಷಯ ತಿಳಿದು, ಪಕಪಕನೆ ನಕ್ಕು, "ಮುಂದಿನವರು ಇವರೇ ಒಳಗೆ ಬರ್ಲಿ. ಇಲ್ಲಾಂದ್ರೆ ನನ್ನ ಥರ್ಮಾಮೀಟರಿಗೂ ಚೀಟಿ ಅಂಟಿಸ್ತಾರೆ" ಎಂದರು. ಅವರ ಕೋಟಿನ ಮೂರನೇ ಗುಂಡಿ ಕಿತ್ತುಹೋಗಿತ್ತು. ಅತ್ತೆಯ ಕೈ ಆಗಲೇ ಚೀಲದೊಳಗೆ ಸೂಜಿ ದಾರ ಹುಡುಕುತ್ತಿತ್ತು.

ಒಳಗೆ ನಾನು ಬೆಳಿಗ್ಗೆಯೇ ಬೀರುವಿನ ಬಾಗಿಲಿನಿಂದ ಕಿತ್ತುತಂದಿದ್ದ ಹಾಳೆಯನ್ನು ಮೇಜಿನ ಮೇಲೆ ಹರಡಿದೆ. ಈಗ ಇಪ್ಪತ್ತು ಸಾಲು. ಡಾಕ್ಟರಮ್ಮ ಕನ್ನಡಕ ಏರಿಸಿ ಓದಿದರು.

"ಹತ್ತೊಂಬತ್ತು ಸಾಲೂ ಒಂದೇ ಥರ ಇದೆಯಲ್ರೀ. ಎಷ್ಟು ದಿನಕ್ಕೊಮ್ಮೆ ಬರೋದು?"

"ಇಪ್ಪತ್ತೊಂಬತ್ತು. ಮೊದಲಿಂದಾನೂ ಅಷ್ಟೇ. ಒಂದು ದಿನ ಆಚೆ ಈಚೆ."

"ನೀವು ಒಂದೇ ಬಟ್ಟನ್ನ ಹತ್ತು ಸಲ ಇಟ್ಟು, ಹತ್ತು ಸಲಾನೂ ತಕ್ಕಡಿ ಒಂದೇ ತೋರಿಸಿದ್ರೆ ಏನು ಕೊಡ್ತೀರಿ?"

"ಹಸಿರು ಚೀಟಿ."

"ಮತ್ತೆ?" ಎಂದು ಹಾಳೆಯ ಮೇಲೆ ಬೆರಳು ಬಡಿದರು. "ಎರಡು ದಿನ ಆಗೋದು, ಸ್ವಲ್ಪವೇ ಹೋಗೋದು, ಎಷ್ಟೋ ಜನರಿಗೆ ಅದೇ ಸಹಜ. ಎಷ್ಟು ರಕ್ತ ಹೋಯ್ತು ಅನ್ನೋದು ನೋಡ್ಕೊಂಡು ಮಗು ಬರೋ ಹೋಗೋ ತೀರ್ಮಾನ ಆಗಲ್ಲ. ತಿಂಗಳು ತಿಂಗಳು ಅಂಡ ಬಿಡುಗಡೆ ಆಗ್ತಿದೆಯಾ, ಅದು ಮುಖ್ಯ. ಹೀಗೆ ಗಡಿಯಾರದ ಥರ ಬರ್ತಿದ್ರೆ ಬಹುತೇಕ ಆಗ್ತಾನೇ ಇರುತ್ತೆ. ಯಾವಾಗಲೂ ಇರೋದು ಇದ್ದಕ್ಕಿದ್ದ ಹಾಗೆ ಬದಲಾದ್ರೆ, ತಪ್ಪಿ ತಪ್ಪಿ ಬಂದ್ರೆ, ಆಗ ನೋಡ್ಬೇಕು. ಥೈರಾಯ್ಡು ಇರಬಹುದು, ಬೇರೆ ಏನಾದ್ರೂ ಇರಬಹುದು. ವರ್ಷದ ಮೇಲೆ ಆಗಿದೆ ಅಂದ್ರಲ್ಲ, ಹೇಗೂ ಪರೀಕ್ಷೆ ಮಾಡಿಸೋಣ. ನಿಮ್ಮ ಯಜಮಾನರದ್ದೂ."

"ಅವರದ್ದೂನಾ?"

"ತಕ್ಕಡಿಗೆ ಎರಡು ತಟ್ಟೆ ಇರುತ್ತಲ್ವಾ? ಒಂದನ್ನೇ ಎಷ್ಟೂಂತ ಬೈತೀರಿ?"

ಒಂದೂವರೆ ವರ್ಷದಲ್ಲಿ ಈ ಮಾತು ನನಗೆ ಹೊಳೆದೇ ಇರಲಿಲ್ಲ. ಎದೆಯಿಂದ ಏನೋ ಸಡಿಲವಾಗಿ ಬಿತ್ತು. ಆದರೆ ಕೂಡಲೇ ಕೊನೆಯ ಸಾಲು ಕಣ್ಣಿಗೆ ಚುಚ್ಚಿತು. "ಬದಲಾಗಿದೆ ಡಾಕ್ಟ್ರೇ" ಎಂದೆ. "ಈ ಸಲ ಅರ್ಧ ದಿನ. ಎರಡು ದಿನ ಮೊದಲೇ ಬಂತು. ಎರಡೇ ಎರಡು ಚುಕ್ಕೆ."

ಅವರ ಬೆರಳು ಆ ಸಾಲಿನ ಮೇಲೆ ನಿಂತಿತು. "ಇದಾಗಿ ಎಷ್ಟು ದಿನ ಆಯ್ತು?"

"ಹನ್ನೆರಡು."

"ಆಮೇಲೆ?"

"ಆಮೇಲೆ ಏನಿಲ್ಲ. ಪೂರ್ತಿ ನಿಂತೇಹೋಯ್ತು."

"ಮನೇಲಿ ಟೆಸ್ಟ್ ಮಾಡ್ಕೊಂಡ್ರಾ?"

"ಯಾವ ಟೆಸ್ಟು? ಮುಟ್ಟು ಬಂದಿತ್ತಲ್ಲ!"

ಡಾಕ್ಟರಮ್ಮ ಕನ್ನಡಕ ತೆಗೆದು ನನ್ನ ಮುಖವನ್ನೇ ನೋಡಿದರು. ಆಮೇಲೆ ಡ್ರಾಯರ್ ಎಳೆದು ಒಂದು ಪ್ಲಾಸ್ಟಿಕ್ ಬಟ್ಟಲು ಕೊಟ್ಟು ಎದುರಿನ ಬಾಗಿಲು ತೋರಿಸಿದರು. ಬಟ್ಟಲಿನ ಮೇಲೆ ಅಳತೆಯ ಗೆರೆಗಳಿದ್ದವು, ಯಾವುದಕ್ಕೂ ನಮ್ಮ ಕಚೇರಿಯ ಮುದ್ರೆ ಇರಲಿಲ್ಲ. ಜೀವನದಲ್ಲಿ ಮೊದಲ ಸಲ ನಾನು ಅದನ್ನು ಕ್ಷಮಿಸಿದೆ.

ಐದು ನಿಮಿಷದ ಮೇಲೆ ಅವರು ಒಂದು ಬಿಳಿ ಪಟ್ಟಿಯನ್ನು ನನ್ನ ಕಡೆ ತಿರುಗಿಸಿದರು. ಎರಡು ಗೆರೆ. ಎರಡೂ ಗಾಢವಾಗಿದ್ದವು.

"ಕೆಲವರಿಗೆ ಶುರುವಲ್ಲಿ ಹೀಗೆ ಒಂದೆರಡು ಚುಕ್ಕೆ ಕಾಣಿಸುತ್ತೆ" ಎಂದರು. "ಅದು ಮುಟ್ಟಲ್ಲ. ಇನ್ನೂ ತೀರಾ ಮೊದಲು, ಮುಂದಿನ ವಾರ ಸ್ಕ್ಯಾನ್ ಮಾಡಿ ನೋಡೋಣ. ಮತ್ತೆ ಚುಕ್ಕೆ ಕಂಡ್ರೆ, ನೋವು ಬಂದ್ರೆ ತಕ್ಷಣ ಬರ್ಬೇಕು. ಸದ್ಯಕ್ಕೆ ಖುಷಿಪಡೋಕೆ ಅಡ್ಡಿ ಇಲ್ಲ."

ನಾನು ಎದ್ದು ನಿಂತೆ, ಕೂತೆ, ಮತ್ತೆ ಎದ್ದೆ. ಬೆಣ್ಣೆ ನೆನಪಾಯಿತು. ಬೇಕರಿಯವನ ಬೆಪ್ಪು ಮುಖ ನೆನಪಾಯಿತು. ಈಗಷ್ಟೇ ಹೊರಗಡೆ ರಬ್ಬರು ಹಾಸು ಎತ್ತಿ ದೊಡ್ಡ ಪಂಡಿತಳ ಹಾಗೆ ಮೆರೆದವಳು, ಹನ್ನೆರಡು ದಿನದಿಂದ ಸೊನ್ನೆಗೆ ಬಾರದ ನನ್ನದೇ ತಕ್ಕಡಿಯನ್ನು ಹಿಗ್ಗಾಮುಗ್ಗಾ ಬೈದಿದ್ದೆ. ತಟ್ಟೆಯ ಮೇಲೆ ನೋಡಿರಲಿಲ್ಲ! ಖುಷಿಗೆ ಕೈಕಾಲು ಆಡದೆ ಡಾಕ್ಟರಮ್ಮನನ್ನು ಅಪ್ಪಿಕೊಂಡೆ. ಅವರ ಕೋಟಿನ ನಾಲ್ಕನೇ ಗುಂಡಿಯೂ ಕಿತ್ತು ನನ್ನ ಶಾಲಿಗೆ ಸಿಕ್ಕಿಕೊಂಡು ಬಂತು.

ಹಿಂದಿನ ಬಾಗಿಲಿನಿಂದ ಮೆಟ್ಟಿಲ ಹತ್ತಿರ ಹೋಗಿ ಗಂಡನಿಗೆ ಫೋನು ಮಾಡಿದೆ. ಯಾವುದೋ ಕಟ್ಟಡದ ಲಿಫ್ಟಿನ ಗುಂಡಿಯ ಹಲಗೆ ಬಿಚ್ಚಿಕೊಂಡು ಕೂತಿದ್ದರು. ಸ್ಕ್ರೂಡ್ರೈವರಿನ ಸದ್ದು ಕೇಳುತ್ತಿತ್ತು.

"ರೀ, ಸೊನ್ನೆಗೆ ಬರ್ತಿಲ್ಲ" ಎಂದೆ.

"ಏನು ಸೊನ್ನೆಗೆ ಬರ್ತಿಲ್ಲ? ಡಾಕ್ಟ್ರು ಏನಂದ್ರು?" ಅವರ ದನಿಯಲ್ಲಿ ಹೆದರಿಕೆ ಇತ್ತು. ಇಷ್ಟು ದಿನ ತಮಾಷೆಯ ಕೆಳಗೆ ಅದನ್ನು ಮುಚ್ಚಿಟ್ಟುಕೊಂಡೇ ಓಡಾಡಿದ್ದರೆಂದು ಆಗ ತಿಳಿಯಿತು.

"ಸೊನ್ನೆಗೆ ಬರ್ದಿದ್ರೆ ಮೊದಲು ಏನು ಮಾಡ್ಬೇಕು? ಹೇಳಿ. ನೀವೇ ದಿನಾ ಹೇಳ್ತೀರಲ್ಲ."

"ತಟ್ಟೆ ಮೇಲೆ ಏನಾದ್ರೂ ಕೂತಿದೆಯಾ ಅಂತ..." ಅರ್ಧಕ್ಕೆ ನಿಂತರು. ಸ್ಕ್ರೂಡ್ರೈವರಿನ ಸದ್ದೂ ನಿಂತಿತು.

"ಕೂತಿದೆ ರೀ."

ಆ ಕಡೆಯಿಂದ ಒಂದು ಉಸಿರು ಕೇಳಿತು, ಇನ್ನೊಂದು ಉಸಿರು ಕೇಳಿತು. ಆಮೇಲೆ ಕಿವಿ ಕಿತ್ತುಹೋಗುವಂತೆ ಗಂಟೆ ಹೊಡೆದುಕೊಳ್ಳತೊಡಗಿತು. ನನ್ನ ಗಂಡ ಲಿಫ್ಟಿನ ಅಪಾಯದ ಗಂಟೆಯನ್ನು ಒತ್ತಿ ಹಿಡಿದಿದ್ದರು. ದೂರದಲ್ಲಿ ಬಾಗಿಲುಗಳು ತೆರೆದವು, ಯಾರೋ "ಒಳಗೆ ಯಾರು ಸಿಕ್ಕಿಹಾಕ್ಕೊಂಡಿದೀರಿ?" ಎಂದು ಕೂಗಿದರು. "ಯಾರೂ ಇಲ್ಲ! ಎಲ್ಲಾ ಸರಿಯಾಗಿದೆ! ಎಲ್ಲಾ ಸರಿಯಾಗಿದೆ ಸಾರ್!" ಎಂದು ಅವರು ಅಳುತ್ತಾ ನಗುತ್ತಾ ಕೂಗುತ್ತಲೇ ಇದ್ದರು. ಗಂಟೆ ಮಾತ್ರ ಬಿಡಲಿಲ್ಲ.

ಕಣ್ಣೊರೆಸಿಕೊಂಡು ಹೊರಗಿನ ಕೋಣೆಗೆ ಬಂದೆ. ಅತ್ತೆ ನರ್ಸಿನ ತೋಳಿನ ಗುಂಡಿ ಹೊಲಿದು ಮುಗಿಸಿ ಹಲ್ಲಿನಿಂದ ದಾರ ಕಚ್ಚುತ್ತಿದ್ದರು. ನನ್ನ ಕೆಂಪಾದ ಕಣ್ಣು ನೋಡಿದ್ದೇ ಅವರ ಮುಖ ಇಳಿದುಹೋಯಿತು.

"ಹೋಗ್ಲಿ ಬಿಡೇ ಮಗಳೇ" ಎಂದರು, ಸೂಜಿಯನ್ನು ಕಾಲರಿಗೆ ಚುಚ್ಚಿಕೊಳ್ಳುತ್ತಾ. "ನಂಗೆ ನೀನಿದ್ರೆ ಸಾಕು. ಇನ್ನು ಯಾರ ಹತ್ರಾನೂ ಕೇಳಲ್ಲ."

ನಾನು ಅವರ ಮುಂದೆ ಕೂತು ಪೆಟ್ಟಿಗೆ ತೆರೆದೆ. ಎರಡು ಕಿಲೋದ ಬಟ್ಟು ಒಂದು, ಒಂದು ಕಿಲೋದ್ದು ಒಂದು ತೆಗೆದು, ನನ್ನ ಶಾಲಿನಲ್ಲಿ ಸುತ್ತಿ ಅವರ ಮಡಿಲಲ್ಲಿ ಇಟ್ಟೆ.

"ಇದೇನೇ ಇದು?"

"ಮೂರು ಕಿಲೋ, ಅತ್ತೆ. ಅಷ್ಟಾಗೋಕೆ ಇನ್ನೂ ಎಂಟು ತಿಂಗಳು ಬೇಕಂತೆ."

ಅತ್ತೆ ನನ್ನನ್ನು ನೋಡಿದರು, ಶಾಲನ್ನು ನೋಡಿದರು. ತುಟಿಯ ಮೇಲೆ ದಾರದ ತುಂಡು ಅಂಟಿಕೊಂಡೇ ಇತ್ತು. ಎರಡೂ ಕೈ ಕೆಳಗೆ ಕೊಟ್ಟು ಮೆಲ್ಲಗೆ ಎತ್ತಿ, ತಲೆ ಇರಬೇಕಾದ ಕಡೆ ಮೊಣಕೈ ಕೊಟ್ಟು, ತೂಗತೊಡಗಿದರು.